ಸೋತ ಜರ್ಮನಿಯಲ್ಲಿ ಗೆರಿಲ್ಲಾ ಹೋರಾಟ: ಕಾದಂಬರಿಗೆ ಇತಿಹಾಸದ ಆಧಾರ

ಪ್ರಶ್ನೆ: ನಾನು ಪರ್ಯಾಯ ಇತಿಹಾಸದ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. 1945ರ ಶರಣಾಗತಿಯ ನಂತರವೂ ಜರ್ಮನ್ನರ ಗುಪ್ತಪಡೆ ಮಿತ್ರರಾಷ್ಟ್ರಗಳ ಸೈನ್ಯದ ವಿರುದ್ಧ ವರ್ಷಗಟ್ಟಲೆ ಹೋರಾಡುವುದು ಅದರ ವಸ್ತು. ಇದಕ್ಕೆ ನಾಜಿಗಳ ಗುಪ್ತ ಗೆರಿಲ್ಲಾ ಪಡೆಯಾದ ‘ವೇರ್‌ವೋಲ್ಫ್’ ಸಂಘಟನೆಯ ಇತಿಹಾಸವೊಂದೇ ಸಾಕೇ?

ಉತ್ತರ: ಸಾಲದು. 1944ರ ಶರತ್ಕಾಲದಲ್ಲಿ ನಾಜಿಗಳ ಸಶಸ್ತ್ರ ದಳ ಎಸ್‌ಎಸ್‌ನ ಮುಖ್ಯಸ್ಥ ಹಿಮ್ಲರ್ ಈ ಸಂಘಟನೆಯನ್ನು ಹುಟ್ಟುಹಾಕಿ, ಎಸ್‌ಎಸ್ ಅಧಿಕಾರಿ ಹಾನ್ಸ್ ಪ್ರುಟ್ಸ್‌ಮಾನ್‌ಗೆ ಅದರ ಹೊಣೆ ವಹಿಸಿದ. ಅಮೆರಿಕನ್ನರು ಆಖನ್ ನಗರಕ್ಕೆ ಮೇಯರ್ ಆಗಿ ನೇಮಿಸಿದ್ದ ಫ್ರಾನ್ಸ್ ಒಪೆನ್‌ಹಾಫ್ ಅವರನ್ನು 1945ರ ಮಾರ್ಚ್ 25ರಂದು ಗುಂಡಿಟ್ಟು ಕೊಂದದ್ದೇ ಅದರ ಹೆಸರಾಂತ ಕೃತ್ಯ. ಏಪ್ರಿಲ್ 1ರಿಂದ ಪ್ರಚಾರ ಸಚಿವ ಗೋಬೆಲ್ಸ್‌ನ ರೇಡಿಯೊ ಆ ಹೆಸರಿನಲ್ಲಿ ಅಬ್ಬರಿಸಿತಾದರೂ, ಮೇ ಆರಂಭದಲ್ಲಿ ಹಿಟ್ಲರನ ಉತ್ತರಾಧಿಕಾರಿ ಡೋನಿಟ್ಸ್ ಅದರ ಚಟುವಟಿಕೆಗಳನ್ನು ನಿಲ್ಲಿಸುವಂತೆ ಆದೇಶಿಸಿದ. ಆಮೇಲೆ ಅಲ್ಲಲ್ಲಿ ನಡೆದ ಬಿಡಿ ಕೃತ್ಯಗಳು ಬಂಡಾಯದ ರೂಪ ತಳೆಯಲಿಲ್ಲ. ಊರೂರು ಬಾಂಬಿಗೆ ನೆಲಸಮವಾಗಿ, ಲಕ್ಷಾಂತರ ಯುವಕರು ಸತ್ತೋ ಸೆರೆಸಿಕ್ಕೋ ಹೋಗಿ, ನಾಲ್ಕು ದೇಶಗಳ ಸೈನ್ಯ ಇಡೀ ನೆಲವನ್ನು ಆವರಿಸಿದ್ದಾಗ ಸೋಲನ್ನು ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಆದ್ದರಿಂದ ನೀವು ಮೊದಲು ನೋಡಬೇಕಾದದ್ದು 1918ರಿಂದ 1923ರವರೆಗಿನ ಜರ್ಮನಿಯನ್ನು ಎಂಬುದು ನನ್ನ ಅಭಿಪ್ರಾಯ. ಮೊದಲ ಮಹಾಯುದ್ಧದಲ್ಲಿ ಶತ್ರುಸೈನ್ಯ ಬರ್ಲಿನ್ ತಲುಪುವ ಮೊದಲೇ ಕದನವಿರಾಮವಾಗಿತ್ತು. ಸೈನ್ಯ ಸೋಲಲಿಲ್ಲ, ಒಳಗಿನವರೇ ಬೆನ್ನಿಗೆ ಚೂರಿ ಹಾಕಿದರು ಎಂಬ ಸುಳ್ಳನ್ನು ಲಕ್ಷಾಂತರ ಜನ ನಂಬಿದರು. ಆ ನಂಬಿಕೆಯ ನೆರಳಿನಲ್ಲೇ ‘ಕಾನ್ಸುಲ್’ ಎಂಬ ಗುಪ್ತ ಸಂಘಟನೆಯವರು ಕದನವಿರಾಮಕ್ಕೆ ಸಹಿ ಹಾಕಿದ್ದ ರಾಜಕಾರಣಿ ಎರ್ಟ್ಸ್‌ಬರ್ಗರ್ ಅವರನ್ನು 1921ರಲ್ಲೂ, ವಿದೇಶಾಂಗ ಸಚಿವ ರಾಟೆನೌ ಅವರನ್ನು 1922ರಲ್ಲೂ ಕೊಂದರು. 1923ರಲ್ಲಿ ಫ್ರೆಂಚರು ಜರ್ಮನಿಯ ಕೈಗಾರಿಕಾ ಪ್ರದೇಶವಾದ ರೂರ್‌ಗೆ ನುಗ್ಗಿದಾಗ ರೈಲು ಹಳಿ ಸ್ಫೋಟಿಸಿ ಮರಣದಂಡನೆಗೆ ಗುರಿಯಾದ ಶ್ಲಾಗೆಟರ್‌ನನ್ನು ನಾಜಿಗಳು ಹುತಾತ್ಮನೆಂದು ಮೆರೆಸಿದರು. ನಿಮ್ಮ ಕಾದಂಬರಿಯ ಯುದ್ಧವೂ ಇಂಥ ಅರೆಸೋಲಿನಲ್ಲಿ ಮುಗಿದರೆ ಬಂಡಾಯ ನಂಬುವಂತಾಗುತ್ತದೆ.

ಬಂಡುಕೋರರ ದಿನನಿತ್ಯದ ಬದುಕಿಗೆ ಮಾತ್ರ ಲಿಥುವೇನಿಯಾದ ‘ಕಾಡಿನ ಸೋದರರು’ ಒಳ್ಳೆಯ ಆಕರ. 1944ರಿಂದ 1953ರವರೆಗೆ ಅವರು ಸೋವಿಯತ್ ಆಡಳಿತದ ವಿರುದ್ಧ ಹೋರಾಡಿದರು. ಕಾಡಿನಲ್ಲಿ, ಹೊಲಮನೆಗಳ ನೆಲದಡಿಯಲ್ಲಿ ತೋಡಿದ ಅಡಗುದಾಣಗಳಲ್ಲಿ ಚಳಿಗಾಲ ಕಳೆಯುತ್ತಿದ್ದ ಅವರಿಗೆ ಅನ್ನ, ಬಟ್ಟೆ, ಸುದ್ದಿ ಎಲ್ಲವೂ ರೈತರಿಂದಲೇ ಬರುತ್ತಿತ್ತು. ಇದನ್ನು ಅರಿತ ಸೋವಿಯತ್ ಅಧಿಕಾರಿಗಳು 1949ರ ಮಾರ್ಚ್‌ನಲ್ಲಿ ಮೂರೂ ಬಾಲ್ಟಿಕ್ ದೇಶಗಳಿಂದ ಸುಮಾರು 90 ಸಾವಿರ ಜನರನ್ನು ಗಡಿಪಾರು ಮಾಡಿ, ಉಳಿದ ರೈತರನ್ನು ಸಾಮೂಹಿಕ ಕೃಷಿಗೆ ದೂಡಿದರು. ಪಡೆಯನ್ನು ಹಿಡಿಯುವುದಕ್ಕಿಂತ ಅದಕ್ಕೆ ಉಣ್ಣಿಸುವ ಕೈಯನ್ನು ತಡೆಯುವುದು ಸುಲಭ ಎಂಬ ಈ ಲೆಕ್ಕಾಚಾರವನ್ನು ನಿಮ್ಮ ಕಥೆಯ ಆಕ್ರಮಣಕಾರರೂ ಮಾಡಿಯಾರು.

ಇನ್ನೊಂದು ವಿಷಯವನ್ನು ದಯವಿಟ್ಟು ಮರೆಯಬೇಡಿ: ಇಂಥ ಪಡೆಗೆ ಮೊದಲು ಬಲಿಯಾಗುವವರು ಹಲವು ಬಾರಿ ಸ್ವಂತ ಜನರೇ. ಬವೇರಿಯಾದ ಗಣಿಪಟ್ಟಣ ಪೆನ್ಸ್‌ಬರ್ಗ್‌ನಲ್ಲಿ 1945ರ ಏಪ್ರಿಲ್ 28ರಂದು, ನಾಜಿಗಳು ಪದಚ್ಯುತಗೊಳಿಸಿದ್ದ ಹಳೆಯ ಮೇಯರ್ ಹಾನ್ಸ್ ರುಮರ್ ಮತ್ತು ಸಂಗಡಿಗರು ಗಣಿಯನ್ನು ನಾಶವಾಗದಂತೆ ಉಳಿಸಲು ಪುರಭವನವನ್ನು ವಶಕ್ಕೆ ತೆಗೆದುಕೊಂಡರು. ಜರ್ಮನ್ ಸೈನಿಕರು ಅವರನ್ನು ಗುಂಡಿಟ್ಟು ಕೊಂದರು. ಅದೇ ರಾತ್ರಿ ‘ವೇರ್‌ವೋಲ್ಫ್’ ಹೆಸರಿನ ತಂಡ ಪಟ್ಟಣಕ್ಕೆ ಬಂದು ಇನ್ನಷ್ಟು ಜನರನ್ನು ನೇಣಿಗೇರಿಸಿತು. ಒಟ್ಟು 16 ಮಂದಿ ಸತ್ತರು. ರುಮರ್ ಅವರಂಥ ಒಬ್ಬರಿಗೆ ನಿಮ್ಮ ಕಾದಂಬರಿಯಲ್ಲಿ ಪೂರ್ಣ ಪಾತ್ರ ಕೊಡಿ. ಬಂಡುಕೋರರ ಕಣ್ಣಿನಿಂದ ಮಾತ್ರ ಕಥೆ ಹೇಳಿದರೆ ಆ 16 ಮಂದಿಗೆ ಅನ್ಯಾಯವಾಗುತ್ತದೆ.