ಅಮೆರಿಕದ ಸ್ನ್ಯಾಪ್ ಕಾರ್ಡ್‌ನಲ್ಲಿ ಸ್ಟಾರ್‌ಬಕ್ಸ್ ಕಾಫಿ ಕುಡಿಯಬಹುದೇ?

ಬೀದಿಯಲ್ಲಿರುವ ಮಾಮೂಲಿ ಸ್ಟಾರ್‌ಬಕ್ಸ್‌ನಲ್ಲಿ ಸಾಮಾನ್ಯವಾಗಿ ಆಗಲ್ಲ. ಸ್ನ್ಯಾಪ್ ಅಂದರೆ ಕಡಿಮೆ ಆದಾಯದವರಿಗೆ ಆಹಾರ ಕೊಳ್ಳಲು ಸರ್ಕಾರ ನೆರವು ಕೊಡುವ ಯೋಜನೆ; 2008ರವರೆಗೆ ಫುಡ್ ಸ್ಟ್ಯಾಂಪ್ ಅನ್ನುತ್ತಿದ್ದರು. ಇದರ ದುಡ್ಡು ಇಬಿಟಿ ಅನ್ನುವ, ಡೆಬಿಟ್ ಕಾರ್ಡಿನಂಥ ಕಾರ್ಡಿಗೆ ಬೀಳುತ್ತದೆ. ಅದು ಮನೆಗೆ ಒಯ್ಯುವ ದಿನಸಿಗೆ. ಮಾರುವ ಹೊತ್ತಿಗೆ ಬಿಸಿಯಾಗಿರುವ ತಿಂಡಿ, ಪಾನೀಯಕ್ಕೆ ನಡೆಯದು. ತಮಾಷೆ ನೋಡಿ: ಕಾಫಿಪುಡಿ ಚೀಲಗಟ್ಟಲೆ ಕೊಳ್ಳಬಹುದು, ಬಿಸಿ ಕಾಫಿ ಒಂದು ಲೋಟ ಕೊಳ್ಳುವಂತಿಲ್ಲ! ಸೂಪರ್‌ಮಾರ್ಕೆಟ್ ಒಳಗಿನ ಕಾಫಿ ಕೌಂಟರ್‌ನಲ್ಲಿ ಇಬಿಟಿ ತೆಗೆದುಕೊಳ್ಳುತ್ತಿದ್ದರೆ ತಣ್ಣನೆಯ ಬಾಟಲಿ ಕಾಫಿ ಸಿಗಬಹುದು. ಕೌಂಟರ್‌ನಲ್ಲೇ ಕೇಳಿಬಿಡಿ.

ಸ್ನ್ಯಾಪ್ ದುಡ್ಡಲ್ಲೇ ಹೋಟೆಲ್ ಊಟ ಮಾಡಲು ಇರುವುದು ರೆಸ್ಟೋರೆಂಟ್ ಮೀಲ್ಸ್ ಪ್ರೋಗ್ರಾಂ ಎಂಬ ಯೋಜನೆ. ಕ್ಯಾಲಿಫೋರ್ನಿಯಾ, ಅರಿಜೋನಾದಂಥ ಕೆಲವೇ ರಾಜ್ಯಗಳಲ್ಲಿದೆ. 60 ತುಂಬಿದವರು, ಅಂಗವಿಕಲರು, ಇವರ ಸಂಗಾತಿಗಳು, ಮನೆಯಿಲ್ಲದವರು ಮಾತ್ರ ಅರ್ಹರು. ಅದೂ ಯೋಜನೆಗೆ ಸೇರಿದ ಹೋಟೆಲಿನಲ್ಲಷ್ಟೇ.