ಆಪರೇಷನ್ ಆದ ಮೇಲೂ ಬೆಕ್ಕು ಬೆದೆಗೆ ಬಂದರೆ

ಹೆಣ್ಣುಬೆಕ್ಕಿನ ಸಂತಾನಹರಣ ಚಿಕಿತ್ಸೆಯ ಬಗ್ಗೆ ಬರುವ ಪ್ರಶ್ನೆಗಳು ಸುತ್ತಿ ಬಳಸಿ ಅವೇ ನಾಲ್ಕೈದು. ಬಹುತೇಕರು ಉತ್ತರವನ್ನು ಮೊದಲೇ ಯಾರ ಬಾಯಿಂದಲೋ ಕೇಳಿಕೊಂಡು ಬಂದಿರುತ್ತಾರೆ. ನನ್ನ ತಕರಾರು ಇರುವುದು ಆ ಉತ್ತರ ಕೊಟ್ಟವರ ಮೇಲೆ. ಹಾಗಾಗಿ ಈ ಸಲ ಒಂದು ಪ್ರಶ್ನೆಗೆ ವಿವರವಾಗಿಯೂ ಉಳಿದವಕ್ಕೆ ಚುಟುಕಾಗಿಯೂ ಉತ್ತರಿಸುತ್ತೇನೆ.

ಒಂದು ಸಲ ಮರಿ ಹಾಕಿದ ಮೇಲೆ ಆಪರೇಷನ್ ಮಾಡಿಸಿದರೆ ಬೆಕ್ಕಿನ ಆರೋಗ್ಯಕ್ಕೆ ಒಳ್ಳೆಯದಂತೆ, ನಿಜವೇ?

ಸುಳ್ಳು. 6 ತಿಂಗಳು ತುಂಬುವ ಮೊದಲೇ ಆಪರೇಷನ್ ಆದ ಬೆಕ್ಕಿಗೆ ಮೊಲೆಯ ಕ್ಯಾನ್ಸರ್ ಬರುವ ಅಪಾಯ ಶೇ 91ರಷ್ಟು ತಗ್ಗುತ್ತದೆ. ವರ್ಷದೊಳಗೆ ಮಾಡಿಸಿದರೆ ಶೇ 86. ಎರಡನೇ ವರ್ಷಕ್ಕೆ ಕಾಲಿಟ್ಟ ಮೇಲೆ ಆ ಲಾಭ ಹೆಚ್ಚುಕಡಿಮೆ ಕೈತಪ್ಪಿತು ಎಂದೇ ಲೆಕ್ಕ. ಬೆಕ್ಕಿನ ಮೊಲೆಯಲ್ಲಿ ಗಂಟು ಕಂಡರೆ ಹತ್ತರಲ್ಲಿ ಎಂಟೊಂಬತ್ತು ಕ್ಯಾನ್ಸರೇ ಆಗಿರುತ್ತವೆ. ತಾಯ್ತನದ ಸುಖ ಕಾಣಲಿ ಎಂದು ಕಾಯುವವರು ಈ ಲೆಕ್ಕವನ್ನೂ ನೋಡಬೇಕು.

ನಮ್ಮ ಬೆಕ್ಕಿಗೆ ಆಪರೇಷನ್ ಆಗಿ ಎಂಟು ತಿಂಗಳಾಯಿತು. ಈಗ ಮತ್ತೆ ರಾತ್ರಿಯಿಡೀ ಕೂಗುತ್ತದೆ, ನೆಲದಲ್ಲಿ ಹೊರಳಾಡುತ್ತದೆ, ಬೆನ್ನು ಸವರಿದರೆ ಬಾಲ ಪಕ್ಕಕ್ಕೆ ಸರಿಸಿ ಹಿಂಭಾಗ ಎತ್ತುತ್ತದೆ. ಹಳೆಯ ಅಭ್ಯಾಸ ಎನ್ನುತ್ತಾರೆ. ಪರಿಚಯದವರು ಬೆದೆ ನಿಲ್ಲಿಸುವ ಮಾತ್ರೆ ತಂದುಕೊಟ್ಟಿದ್ದಾರೆ. ಹಾಕಬಹುದೇ?

ಹಾಕಬೇಡಿ. ಆ ಮಾತ್ರೆಯನ್ನು ಮನೆಯಲ್ಲಿ ಇಟ್ಟುಕೊಳ್ಳಲೂ ಬೇಡಿ. ಏಕೆಂದು ಆಮೇಲೆ ಹೇಳುತ್ತೇನೆ.

ಮೊದಲು ‘ಅಭ್ಯಾಸ’ದ ಮಾತು. ಬೆಕ್ಕು ಬೆದೆಗೆ ಬರುವುದು ಈಸ್ಟ್ರೋಜನ್ ಹಾರ್ಮೋನಿನಿಂದ, ಅದು ಬರುವುದು ಅಂಡಾಶಯದಿಂದ. ಎರಡೂ ಅಂಡಾಶಯಗಳನ್ನು ಪೂರ್ತಿ ತೆಗೆದಿದ್ದರೆ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಆ ಹಾರ್ಮೋನು ಇಳಿದುಹೋಗುತ್ತದೆ, ಬೆದೆಯ ಲಕ್ಷಣಗಳೂ ಅದರ ಹಿಂದೆಯೇ ನಿಲ್ಲುತ್ತವೆ. ಎಂಟು ತಿಂಗಳ ಮೇಲೆ ಅಭ್ಯಾಸಬಲದಿಂದ ಬೆಕ್ಕು ಬೆದೆಗೆ ಬರುವುದಿಲ್ಲ.

ಹಾಗೆಂದು ಕೂಗಿದ್ದೆಲ್ಲ ಬೆದೆಯೂ ಅಲ್ಲ. ಹಸಿವಿಗೆ, ನೋವಿಗೆ, ಹೊರಗೆ ಇನ್ನೊಂದು ಬೆಕ್ಕು ಕಂಡಿದ್ದಕ್ಕೆ ಬೆಕ್ಕು ಕೂಗುತ್ತದೆ. ವಯಸ್ಸಾದ ಬೆಕ್ಕಾದರೆ ಥೈರಾಯ್ಡ್ ಏರಿದರೂ ರಾತ್ರಿ ಕೂಗುತ್ತದೆ. ನೀವು ಗಮನಿಸಬೇಕಾದದ್ದು ಎರಡು. ಕೂಗು, ಹೊರಳಾಟ, ಬಾಲ ಸರಿಸುವುದು, ಹಿಂಗಾಲು ತುಳಿಯುವುದು ಎಲ್ಲ ಒಟ್ಟಿಗೆ ಇವೆಯೇ? ಒಂದು ವಾರದ ಆಸುಪಾಸು ಇದ್ದು, ತಾನಾಗಿಯೇ ನಿಂತು, ಎರಡು ಮೂರು ವಾರ ಬಿಟ್ಟು ಮರಳುತ್ತವೆಯೇ? ಎರಡಕ್ಕೂ ಹೌದು ಎಂದಾದರೆ ಅದು ನಿಜವಾದ ಬೆದೆ. ತಾರೀಖು ಬರೆದಿಡಿ, ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಬೆಕ್ಕು ನಮ್ಮ ಮೇಜಿನ ಮೇಲೆ ಹೆದರಿ ಮುದುಡಿ ಕೂತರೆ ಯಾವ ಲಕ್ಷಣವೂ ಕಾಣುವುದಿಲ್ಲ.

ನಿಜವಾದ ಬೆದೆ ಎಂದರೆ ಈಸ್ಟ್ರೋಜನ್ ಎಲ್ಲಿಂದಲೋ ಬರುತ್ತಿದೆ. ಬಹುಮಟ್ಟಿಗೆ ಹೊಟ್ಟೆಯೊಳಗೆ ಉಳಿದ ಅಂಡಾಶಯದ ಚೂರಿನಿಂದ. ಕಾಳಿನಷ್ಟು ಅಂಗಾಂಶ ಉಳಿದರೂ ಅದು ಹೊಸ ರಕ್ತನಾಳ ಹಿಡಿದು ಕೆಲಸ ಶುರುಮಾಡಬಲ್ಲದು. ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ತಲೆಯೆತ್ತುವುದೂ ಉಂಟು. ಎರಡನೆಯ ಸಾಧ್ಯತೆ, ಆಪರೇಷನ್ನಿನಲ್ಲಿ ಗರ್ಭಕೋಶವನ್ನಷ್ಟೇ ತೆಗೆದು ಅಥವಾ ನಾಳಗಳನ್ನಷ್ಟೇ ಕಟ್ಟಿ ಅಂಡಾಶಯ ಬಿಟ್ಟಿರುವುದು. ಅಂಥ ಬೆಕ್ಕು ಬೆದೆಗೆ ಬರುತ್ತಲೇ ಇರುತ್ತದೆ. ಏನೇನು ತೆಗೆದಿದ್ದಾರೆ ಎಂದು ಬರಹದಲ್ಲಿ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಮೂರನೆಯದನ್ನು ಯಾರೂ ನೆನೆಯುವುದಿಲ್ಲ: ಮನೆಯಲ್ಲಿ ಯಾರಾದರೂ ಮುಟ್ಟು ನಿಂತ ಮೇಲಿನ ತೊಂದರೆಗೆ ಈಸ್ಟ್ರೋಜನ್ ಜೆಲ್ ಅಥವಾ ಕ್ರೀಮ್ ಹಚ್ಚಿಕೊಳ್ಳುತ್ತಿದ್ದಾರೆಯೇ? ಹಚ್ಚಿದ ತೋಳನ್ನು ಬೆಕ್ಕು ನೆಕ್ಕಿದರೆ ಸಾಕು. ಇನ್ನೊಂದು ಆಪರೇಷನ್ನಿಗೆ ಒಪ್ಪುವ ಮೊದಲು ಇದನ್ನು ವಿಚಾರಿಸಿಕೊಳ್ಳಿ.

ಪರೀಕ್ಷೆಗೆ ಬರುವುದಾದರೆ ಲಕ್ಷಣಗಳು ಜೋರಾಗಿರುವಾಗಲೇ ಬನ್ನಿ. ‘ಈಗ ಶಾಂತವಾಗಿದೆ ಡಾಕ್ಟ್ರೇ, ಅದಕ್ಕೇ ಕರೆದುಕೊಂಡು ಬಂದೆ’ ಎನ್ನುವವರನ್ನು ನಾನು ಬರಿಗೈಯಲ್ಲಿ ಕಳಿಸಬೇಕಾಗುತ್ತದೆ. ಬೆದೆಯಲ್ಲಿರುವಾಗ ಯೋನಿಯಿಂದ ಸ್ವಾಬ್ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈಸ್ಟ್ರೋಜನ್ ಪ್ರಭಾವಕ್ಕೆ ಸಿಕ್ಕ ಜೀವಕೋಶಗಳು ಬೇರೆಯಾಗಿಯೇ ಕಾಣುತ್ತವೆ. ಅಂಡಾಶಯದ ಅಂಗಾಂಶ ಉಳಿದಿದೆಯೇ ಎಂದು ತಿಳಿಯಲು ಎಎಂಎಚ್ ಎಂಬ ರಕ್ತಪರೀಕ್ಷೆಯೂ ಇದೆ. ಚೂರು ಉಳಿದಿರುವುದು ಖಚಿತವಾದರೆ ಮತ್ತೆ ಹೊಟ್ಟೆ ತೆರೆದು ಅದನ್ನು ತೆಗೆಯುವುದೇ ಚಿಕಿತ್ಸೆ. ಅದನ್ನೂ ಬೆದೆಯಲ್ಲಿರುವಾಗ ಅಥವಾ ಅದರ ಬೆನ್ನಿಗೇ ಮಾಡಿದರೆ ಚೂರು ಉಬ್ಬಿಕೊಂಡು ಕಣ್ಣಿಗೆ ಬೀಳುತ್ತದೆ. ಬೇರೆ ಸಮಯದಲ್ಲಿ ಕೊಬ್ಬಿನ ನಡುವೆ ಹುಡುಕಿ ಸೋಲುವುದೇ ಹೆಚ್ಚು.

ಗರ್ಭಕೋಶವೇ ಇಲ್ಲದ ಮೇಲೆ ಗಬ್ಬ ಆಗುವುದಿಲ್ಲವಲ್ಲ, ಇದ್ದುಕೊಳ್ಳಲಿ ಬಿಡಿ ಎಂದು ವಾದಿಸುವವರಿದ್ದಾರೆ. ಗಬ್ಬ ಆಗುವುದಿಲ್ಲ, ನಿಜ. ಆದರೆ ಬೆಕ್ಕಿನ ಅಂಡ ಬಿಡುಗಡೆಯಾಗುವುದು ಹೆಚ್ಚಾಗಿ ಕೂಡಿದ ಮೇಲೆ. ಉಳಿದ ಚೂರಿನಲ್ಲಿ ಹಾಗಾದರೆ ಅದು ಪ್ರೊಜೆಸ್ಟರಾನ್ ಸುರಿಸುತ್ತದೆ. ಗರ್ಭಕೋಶ ಕತ್ತರಿಸಿದ ಕಡೆ ಮೋಟು ತುದಿ ಉಳಿದಿರುತ್ತದಲ್ಲ, ಆ ಹಾರ್ಮೋನಿನ ಪ್ರಭಾವದಲ್ಲಿ ಅಲ್ಲಿ ಸೋಂಕು ಹತ್ತಿ ಕೀವು ತುಂಬಬಹುದು. ಹೀಗಾದ ಬೆಕ್ಕು ಊಟ ಬಿಟ್ಟು, ಹೊಟ್ಟೆ ಉಬ್ಬಿ, ಜ್ವರದಲ್ಲಿ ಬರುತ್ತದೆ.

ಈಗ ಆ ಮಾತ್ರೆ. ಬೆದೆ ನಿಲ್ಲಿಸಲು ಕೊಡುವ ಮೆಜೆಸ್ಟ್ರಾಲ್‌ನಂಥ ಮಾತ್ರೆಗಳೂ ಮೆಡ್ರಾಕ್ಸಿಪ್ರೊಜೆಸ್ಟರಾನ್ ಇಂಜೆಕ್ಷನ್ನೂ ಪ್ರೊಜೆಸ್ಟರಾನ್ ಜಾತಿಯವೇ. ಎಂದರೆ ಯಾವ ಹಾರ್ಮೋನಿನಿಂದ ಕೀವಿನ ಅಪಾಯವೋ ಅದನ್ನೇ ನೀವು ಕೈಯಾರೆ ತಿನ್ನಿಸುತ್ತೀರಿ. ಮೊಲೆಗಳು ಒಂದೇ ಸಮನೆ ಊದಿ ಹುಣ್ಣಾಗುವುದು, ಸಕ್ಕರೆ ಕಾಯಿಲೆ, ಮೊಲೆಯ ಕ್ಯಾನ್ಸರ್, ಇವೆಲ್ಲ ಆ ಔಷಧಿಗಳ ಜೊತೆ ಬರುವ ಅಪಾಯಗಳು. ಅದಕ್ಕೂ ಮೇಲೆ, ಕೂಗು ನಿಂತರೆ ಚೂರು ಎಲ್ಲಿದೆ ಎಂದು ಹುಡುಕುವ ದಾರಿಯೂ ಮುಚ್ಚುತ್ತದೆ. ಬೆಕ್ಕನ್ನು ಮುಟ್ಟಿಯೂ ನೋಡದೆ ಈ ಮಾತ್ರೆ ಕೈಗಿಡುವವರು, ಅಂಗಡಿಯವರಿರಲಿ, ತಾವೇ ತಜ್ಞರೆಂದು ಹೇಳಿಕೊಳ್ಳುವವರಿರಲಿ, ಮಾಡುತ್ತಿರುವುದು ದ್ರೋಹ. ನಾಲ್ಕು ದಿನ ನಿದ್ದೆಗೆಟ್ಟರೂ ಚಿಂತೆಯಿಲ್ಲ, ಇದನ್ನು ಹಾಕಬೇಡಿ.

ಯೋನಿಯೊಳಗೆ ಹತ್ತಿಕಡ್ಡಿ ಬಳಸಿ ಬೆದೆ ಇಳಿಸಬಹುದಂತೆ?

ಗಾಯ ಮಾಡಿ ಸೋಂಕು ಹತ್ತಿಸುತ್ತೀರಿ. ಕೈ ಹಾಕಬೇಡಿ.

ಮೊದಲ ಸಲದ ಆಪರೇಷನ್ನನ್ನು ಬೆದೆಯಲ್ಲಿರುವಾಗಲೇ ಮಾಡಿಸಬಹುದೇ?

ಮಾಡಬಹುದು, ಆದರೆ ಆಗ ರಕ್ತನಾಳಗಳು ಉಬ್ಬಿರುತ್ತವೆ. ಅವಸರವಿಲ್ಲದಿದ್ದರೆ ನಾನು ಮುಂದೂಡುತ್ತೇನೆ. ಮಾಡಿಸಿದರೆ ಆಮೇಲೂ ಕೆಲವು ದಿನ ಗಂಡುಬೆಕ್ಕುಗಳು ಬೆನ್ನು ಹತ್ತುತ್ತವೆ. ಒಳಗಿನ ಹೊಲಿಗೆ ಹಸಿಯಿರುವಾಗ ಕೂಡಿದರೆ ರಕ್ತಸ್ರಾವವಾಗಬಹುದು, ಹೊರಗೆ ಬಿಡಬೇಡಿ.

ಆಪರೇಷನ್ ಆದರೆ ದಪ್ಪಗಾಗುತ್ತದೆ, ಬೇಟೆ ಬಿಟ್ಟು ಸೋಮಾರಿಯಾಗುತ್ತದೆ ಎನ್ನುತ್ತಾರಲ್ಲ?

ಬೇಟೆಗೂ ಅಂಡಾಶಯಕ್ಕೂ ಸಂಬಂಧವಿಲ್ಲ. ದಪ್ಪಗಾಗುವ ಮಾತು ಅರ್ಧ ನಿಜ: ಹಸಿವು ಕೆಲವೇ ದಿನಗಳಲ್ಲಿ ಹೆಚ್ಚುತ್ತದೆ, ದೇಹಕ್ಕೆ ಬೇಕಾದ ಶಕ್ತಿ ಸುಮಾರು ಕಾಲುಭಾಗ ತಗ್ಗುತ್ತದೆ. ತಟ್ಟೆಗೆ ಹಾಕುವವರು ನೀವೇ. ಗಾಯ ಮಾಯುತ್ತಿದ್ದಂತೆ ಆಹಾರ ಅಳೆದು ಹಾಕಿ, ತಿಂಗಳಿಗೊಮ್ಮೆ ತೂಕ ನೋಡಿ.

ಮರಿಗಳು ಹಾಲು ಕುಡಿಯುತ್ತಿವೆ. ಈಗ ಆಪರೇಷನ್ ಮಾಡಿಸಿದರೆ ಹಾಲು ಬತ್ತುವುದೇ?

ಇಲ್ಲ. ಹಾಲು ತರಿಸುವ ಹಾರ್ಮೋನು ಬರುವುದು ಮೆದುಳಿನ ತಳದ ಗ್ರಂಥಿಯಿಂದ, ಅಂಡಾಶಯದಿಂದಲ್ಲ. ಆದರೂ ತುರ್ತಿಲ್ಲದಿದ್ದರೆ ಮರಿಗಳು ಹಾಲು ಬಿಡುವತನಕ ಕಾಯುವುದು ನನಗೆ ಇಷ್ಟ. ಊದಿದ ಮೊಲೆಗಳ ನಡುವೆ ಗಾಯ ಮಾಡಿ ಹೊಲಿಯುವುದು ಯಾರಿಗೂ ಸುಖವಲ್ಲ. ಹಾಲೂಡಿಸುವ ಬೆಕ್ಕು ಗಬ್ಬ ಆಗುವುದಿಲ್ಲ ಎಂದು ಮಾತ್ರ ನಂಬಬೇಡಿ, ಆಗುತ್ತದೆ. ಆಪರೇಷನ್ ದಿನವನ್ನು ಈಗಲೇ ಗೊತ್ತುಮಾಡಿಕೊಂಡು ಅಲ್ಲಿಯವರೆಗೆ ಬಾಗಿಲು ಹಾಕಿಡಿ.