ಆಟಿಸಂ ಇರುವ ತಮ್ಮನ ಗಾಡಿಯನ್ನು ಟ್ರಾಫಿಕ್ ಪೊಲೀಸರು ನಿಲ್ಲಿಸಿದರೆ ಏನು ಮಾಡಬೇಕು?

ತಮ್ಮನಿಗೆ ಲೈಸೆನ್ಸ್ ಸಿಕ್ಕಿದೆ, ಆದರೆ ಯಾರಾದರೂ ಗದರಿದರೆ ಅವನ ಬಾಯಿ ಕಟ್ಟಿಹೋಗುತ್ತದೆ ಅಂತ ಬರೆದಿದ್ದೀರಿ. ನನಗೂ ಆಟಿಸಂ ಇದೆ. ತುಮಕೂರಿನಲ್ಲಿ ದಿನಾ ಸ್ಕೂಟರ್ ಓಡಿಸುತ್ತೇನೆ.

ಪೊಲೀಸರು ಯಾವುದನ್ನು ನೋಡಿ ಅನುಮಾನ ಪಡುತ್ತಾರೋ ಅದೆಲ್ಲ ನಮಗೆ ಮಾಮೂಲು. ಮುಖ ನೋಡದೆ ಮಾತಾಡುವುದು, ತಡವಾಗಿ ಉತ್ತರ ಕೊಡುವುದು, ಸುಮ್ನೆ ಬೆರಳು ಆಡಿಸುತ್ತಾ ನಿಲ್ಲುವುದು. ಒಮ್ಮೆ ಒಬ್ಬರು ನಿಲ್ಲಿಸಿ, “ಏನಪ್ಪಾ, ಎಲ್ಲಿಗೆ ಹಾರ್ತಾ ಇದ್ದೀಯಾ?” ಅಂದರು. “ಹಾರ್ತಾ ಇಲ್ಲ ಸಾರ್, ಬಟವಾಡಿಗೆ ಹೋಗ್ತಾ ಇದ್ದೀನಿ” ಅಂದೆ. ಅವರು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟೆ, ಅವರಿಗೆ ಅದು ಕೊಬ್ಬು ಅನ್ನಿಸಿತು. ಮೆಷಿನ್ ತಂದು ಊದಿಸಿದರು. ಏನೂ ಬರಲಿಲ್ಲ, ಬಿಟ್ಟರು.

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 2020ರಿಂದ ಇದಕ್ಕೊಂದು ನೀಲಿ ಕವರ್ ಕೊಡುತ್ತಾರೆ. ಒಳಗೆ ಗಾಡಿಯ ದಾಖಲೆ, ಮೇಲೆ ಪೊಲೀಸರು ಹೇಗೆ ಮಾತಾಡಬೇಕು, ಓಡಿಸುವವರು ಏನು ಮಾಡಬೇಕು ಅಂತ ಅಚ್ಚಾಗಿರುತ್ತದೆ. ಅಲ್ಲಿ ಕೈ ಜೇಬಿಗೆ ಹೋದರೆ ಬಂದೂಕಿನ ಭಯ. ನಮ್ಮಲ್ಲಿ ಗದರಿಕೆ, ಗಾಡಿ ಕೀ ಕಿತ್ತುಕೊಳ್ಳುವುದು, ಸುತ್ತ ಜನ ಸೇರುವುದು, ಇಷ್ಟೇ. ಇಷ್ಟೇ ಸಾಕು ನಮಗೆ ಮಾತು ನಿಲ್ಲೋದಕ್ಕೆ.

ಅದನ್ನೇ ನೋಡಿ ನಾನೂ ಒಂದು ಪ್ಲಾಸ್ಟಿಕ್ ಪೌಚ್ ಇಟ್ಟುಕೊಂಡಿದ್ದೇನೆ. ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಎಲ್ಲ ಅದರಲ್ಲಿವೆ. ಡಿಜಿಲಾಕರ್‌ನಲ್ಲಿ ತೋರಿಸಿದರೂ ನಡೆಯುತ್ತದೆ, ಆದರೆ ಕೈ ನಡುಗುವಾಗ ಫೋನ್ ಲಾಕ್ ತೆಗೆಯೋದೇ ದೊಡ್ಡ ಕೆಲಸ. ಪೌಚ್ ಮೇಲೆ ದಪ್ಪ ಅಕ್ಷರದ ಕನ್ನಡ ಚೀಟಿ: “ಸಾರ್, ನಾನು ಕುಡಿದಿಲ್ಲ. ಗಾಬರಿಯಾದರೆ ನನಗೆ ಮಾತು ಬರುವುದಿಲ್ಲ. ದಯವಿಟ್ಟು ನಿಧಾನವಾಗಿ ಒಂದೊಂದೇ ಪ್ರಶ್ನೆ ಕೇಳಿ. ನನಗೆ ಆಟಿಸಂ ಇದೆ.” ಆಟಿಸಂ ಅನ್ನೋದನ್ನ ಬೇಕಂತಲೇ ಕೊನೆಗೆ ಹಾಕಿದ್ದೇನೆ. ಬಿಸಿಲಲ್ಲಿ ನಿಂತು ಸಾಕಾದವರು ಮೊದಲ ಸಾಲು ಓದಿದರೆ ಹೆಚ್ಚು.

ಯುಡಿಐಡಿ ಕಾರ್ಡ್, ಅಂದ್ರೆ ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ, ಇದ್ದರೆ ಜೊತೆಗಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ. ಹಾಗಂತ ದಂಡ ಮಾಫಿ ಆಗಲ್ಲ. ಹೆಲ್ಮೆಟ್ ಇಲ್ಲ ಅಂದ್ರೆ ದಂಡ ಕಟ್ಟಲೇಬೇಕು.

ಚೀಟಿಗಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಮನೆಯಲ್ಲಿ ಮಾಡಿದ ಪ್ರಾಕ್ಟೀಸ್. ನಮ್ಮಕ್ಕ ಗೇಟಿನ ಮುಂದೆ ವಿಷಲ್ ಊದಿ, “ಏಯ್, ಸೈಡಿಗೆ ಹಾಕು!” ಅಂತ ಕಿರುಚುತ್ತಿದ್ದಳು. ಪಕ್ಕದ ಮನೆಯವರಿಗೆ ಪುಕ್ಕಟೆ ಮನರಂಜನೆ. ಗಾಡಿ ಆಫ್, ಸ್ಟ್ಯಾಂಡ್, ಹೆಲ್ಮೆಟ್ ತೆಗಿ, ಪೌಚ್ ಕೊಡು. ಈ ಕ್ರಮ ಕೈಗೆ ಬಂದರೆ ಬಾಯಿ ಓಡದಿದ್ದರೂ ಪರವಾಗಿಲ್ಲ. ನಯವಾಗಿ ಹೇಳಿ ಅಭ್ಯಾಸ ಮಾಡಿಸಬೇಡಿ, ಗದರಿಯೇ ಮಾಡಿಸಿ.

ಬಿಡುವಿರುವ ಹೊತ್ತು ನೋಡಿಕೊಂಡು ನಿಮ್ಮ ಕಡೆಯ ಟ್ರಾಫಿಕ್ ಠಾಣೆಗೂ ತಮ್ಮನನ್ನು ಕರೆದುಕೊಂಡು ಹೋಗಿ ಬನ್ನಿ. ಮುಖಪರಿಚಯ ಇದ್ದರೆ ಅರ್ಧ ಕೆಲಸ ಆದಂತೆ. ಹೈವೇಗೆ ಹತ್ತಿದ ಮೇಲೆ ಆ ಪರಿಚಯ ನಡೆಯಲ್ಲ, ಅಲ್ಲಿ ಚೀಟಿಯೇ ಗತಿ.

ಚೀಟಿಯ ಕೆಳಗೆ ಮನೆಯವರ ನಂಬರ್ ಬರೆಯಿರಿ, ಫೋನ್ ಎತ್ತುವವರದ್ದು. ನಮ್ಮಪ್ಪ ಗೊತ್ತಿಲ್ಲದ ನಂಬರ್ ಎತ್ತೋದೇ ಇಲ್ಲ, ಅದಕ್ಕೇ ನನ್ನದರಲ್ಲಿ ಅಕ್ಕನ ನಂಬರ್ ಇದೆ.